ಇಂಪೀರಿಯಸ್: ಅಪ್ಪಣೆಯ ಧಾಟಿಗೊಂದು ಪದ

ಕೇಳುಗರಿಗೆ ನಮಸ್ಕಾರ. ಇಂಗ್ಲಿಷಿನ ‘ಇಂಪೀರಿಯಸ್’ ಎಂಬ ಗುಣವಾಚಕದ ಬಗ್ಗೆ ಇಂದು ನಾಲ್ಕು ಮಾತು. ದಿನಬಳಕೆಯಲ್ಲಿ ಇದು ಅಪರೂಪ. ಪುಸ್ತಕಗಳಲ್ಲಿ, ಪತ್ರಿಕೆಗಳಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಗಳ ಪ್ರಶ್ನೆಪತ್ರಿಕೆಗಳಲ್ಲಿ ಎದುರಾಗುತ್ತದೆ. ಉಚ್ಚರಿಸುವಾಗ ಒತ್ತು ‘ಪೀ’ ಮೇಲೆ ಬೀಳಬೇಕು.

ತಾನು ಹೇಳಿದ್ದು ನಡೆಯಲೇಬೇಕು, ಎದುರುತ್ತರ ಇರಕೂಡದು ಎಂಬ ಧೋರಣೆಗೆ ಈ ಹೆಸರು. ಮೂಲ ಲ್ಯಾಟಿನ್. ಪ್ರಾಚೀನ ರೋಮಿನಲ್ಲಿ ಸೇನೆಗೆ ಆಜ್ಞೆ ಕೊಡುವ ಅಧಿಕಾರವನ್ನು ‘ಇಂಪೆರಿಯಂ’ ಎನ್ನುತ್ತಿದ್ದರು. ಎಂಪೈರ್, ಎಂಪರರ್, ಇಂಪೀರಿಯಲ್, ವ್ಯಾಕರಣದ ಇಂಪೆರೇಟಿವ್ ಎಲ್ಲವೂ ಅದೇ ಮನೆತನದವು. ಇಂಪೀರಿಯಲ್ ಎಂಬುದು ಸಾಮ್ರಾಜ್ಯಕ್ಕೆ ಸೇರಿದ್ದು. ಇಂಪೀರಿಯಸ್ ಎಂಬುದು ಮನುಷ್ಯನ ವರಸೆಗೆ ಸೇರಿದ್ದು. ಸಾಮ್ರಾಜ್ಯವಿರಲಿ, ಒಂದು ಸೆಂಟ್ ಜಾಗವೂ ಇಲ್ಲದವನು ಇಂಪೀರಿಯಸ್ ಆಗಿರಬಹುದು.

ನಮ್ಮ ಕೊಡಗಿನ ಚರಿತ್ರೆಯಿಂದಲೇ ಈ ವ್ಯತ್ಯಾಸವನ್ನು ನೋಡೋಣ. ಹಾಲೇರಿ ವಂಶದ ಲಿಂಗರಾಜೇಂದ್ರ ತನ್ನ ಅಧಿಕಾರಿಗಳಿಗೆ ಹೊರಡಿಸಿದ ಕಟ್ಟಳೆಗಳು ‘ಹುಕುಂನಾಮೆ’ ಎಂದು ಹೆಸರಾಗಿವೆ. ರಾಜ ಹುಕುಂ ಹೊರಡಿಸಿದ, ಅದು ಅವನ ಕೆಲಸ. ಅಷ್ಟರಿಂದಲೇ ಅವನನ್ನು ಇಂಪೀರಿಯಸ್ ಎನ್ನಲಾಗದು. ಆದರೆ ಆ ಹುಕುಂ ಹಿಡಿದು ಊರಿಗೆ ಬಂದ ಕಾರ್ಯಕಾರನೊಬ್ಬ, ರೈತ ಬಾಯಿ ತೆರೆಯುವ ಮೊದಲೇ ಕೈ ಬೀಸಿ ಸುಮ್ಮನಾಗಿಸಿದ ಎಂದುಕೊಳ್ಳಿ. ಆ ಕೈಬೀಸು ಇಂಪೀರಿಯಸ್. ಇಂಗ್ಲಿಷ್ ಬರಹಗಾರರು ಈ ಪದವನ್ನು ದನಿಗೆ, ನೋಟಕ್ಕೆ, ಸನ್ನೆಗೆ, ಬಾಗಿಲು ತಟ್ಟುವ ರೀತಿಗೂ ಅಂಟಿಸುವುದು ಇದೇ ಕಾರಣಕ್ಕೆ.

ಜನರಲ್ ತಿಮ್ಮಯ್ಯ, ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಹುಟ್ಟಿದ ಜಿಲ್ಲೆ ನಮ್ಮದು. ಅಪ್ಪಣೆಯ ದನಿ ಇಲ್ಲಿ ಯಾರಿಗೂ ಹೊಸತಲ್ಲ. ಕವಾಯತು ಮೈದಾನದಲ್ಲಿ ‘ಸಾವಧಾನ್’ ಎಂದು ಗುಡುಗುವ ಸುಬೇದಾರರ ದನಿಗೆ ‘ಕಮಾಂಡಿಂಗ್’ ಎನ್ನಬೇಕು, ಅದು ಮೆಚ್ಚುಗೆ. ನಿವೃತ್ತರಾಗಿ ಬಂದ ಮೇಲೆ ಅದೇ ದನಿಯಲ್ಲಿ ಸೊಸೆಯಿಂದ ಕಾಫಿ ತರಿಸಿಕೊಂಡರೆ? ಆಗ ಇಂಪೀರಿಯಸ್. ಕನ್ನಡದಲ್ಲಿ ಮೊದಲನೆಯದು ಗತ್ತು, ಎರಡನೆಯದು ದರ್ಪ. ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ: ಮನೆಯಲ್ಲಿ ಅತ್ತೆ ಗದರಿದರೆ ದರ್ಪ, ಮಾವ ಗದರಿದರೆ ಶಿಸ್ತು ಎನ್ನುವ ಪಕ್ಷಪಾತ ನಮ್ಮಲ್ಲಿದೆ. ಇಂಗ್ಲಿಷರೂ ಅದರಿಂದ ಹೊರತಲ್ಲ.

ವಿದ್ಯಾರ್ಥಿಗಳು ಇದನ್ನು ‘ಇಂಪರ್ವಿಯಸ್’ ಜೊತೆ ಬೆರೆಸುವುದುಂಟು. ಬರೆಯುವಾಗ ಒಂದೇ ಒಂದು ‘ವಿ’ ಅಕ್ಷರದ ಅಂತರ. ಇಂಪರ್ವಿಯಸ್ ಎಂದರೆ ಒಳಕ್ಕೆ ಏನನ್ನೂ ಬಿಡದ್ದು. ಭಾಗಮಂಡಲದ ಆಷಾಢದ ಮಳೆಗೆ ಬೇಕಾದದ್ದು ಇಂಪರ್ವಿಯಸ್ ರೇನ್‌ಕೋಟ್. ಇಂಪೀರಿಯಸ್ ರೇನ್‌ಕೋಟ್ ಎಂದು ಬರೆದರೆ ಅದು ಮಳೆಗೇ ‘ನಿಲ್ಲು’ ಎಂದು ಆಜ್ಞೆ ಮಾಡಬೇಕಾಗುತ್ತದೆ!

ಹಳೆಯ ಬರಹಗಳಲ್ಲಿ ‘ತಡೆಯಲಾಗದ, ತುರ್ತಿನ’ ಎಂಬ ಅರ್ಥವೂ ಉಂಟು. ಇಂಪೀರಿಯಸ್ ನೆಸೆಸಿಟಿ ಎಂದರೆ ಮುಂದೂಡಲಾಗದ ಅಗತ್ಯ. ಈಗ ಅದು ವಿರಳ.

ಆಟದ ವರದಿಗಳಲ್ಲಿ ಮಾತ್ರ ಈ ಪದ ನೇರ ಹೊಗಳಿಕೆ. ಎದುರಾಳಿ ಬೌಲರ್‌ಗಳನ್ನು ಲೆಕ್ಕಕ್ಕೇ ಇಡದೆ ಆಡಿದ ಇನಿಂಗ್ಸನ್ನು ಇಂಪೀರಿಯಸ್ ಎನ್ನುತ್ತಾರೆ. 1997ರಲ್ಲಿ ಕರಡದಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಮಧ್ಯಮೈದಾನವನ್ನು ತನ್ನದಾಗಿಸಿಕೊಂಡ ಆಟಗಾರನಿಗೂ ಧಾರಾಳವಾಗಿ ಬಳಸಿ. ಆದರೆ ಕೆಲಸಕ್ಕೆ ಅರ್ಜಿ ಹಾಕುವವರು ತಮ್ಮ ನಾಯಕತ್ವವನ್ನು ಬಣ್ಣಿಸಲು ಇದನ್ನು ಬರೆದುಕೊಳ್ಳಬೇಡಿ. ಅಲ್ಲಿ ‘ಅಥಾರಿಟೇಟಿವ್’ ಸಾಕು. ನಮಸ್ಕಾರ.