ಪಂಪು ನಿಂತ್ರೆ ಮೊದಲು ಗಾಳಿ ನೋಡಿ

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ಮಾತಾಡ್ಲಿಕ್ಕಿರುದು ಗಾಳಿಯಲ್ಲಿ ಓಡುವ ಡಯಾಫ್ರಾಂ ಪಂಪಿನ ಬಗ್ಗೆ, ಡಯಾಫ್ರಾಂ ಅಂದ್ರೆ ಒಳಗೆ ಹಿಂದೆ ಮುಂದೆ ಬಾಗುವ ಪೊರೆ. ಫ್ಯಾಕ್ಟರಿಗಳಲ್ಲಿ ಎಒಡಿಡಿ (ಏರ್ ಆಪರೇಟೆಡ್ ಡಬಲ್ ಡಯಾಫ್ರಾಂ) ಅಂತ ಹೇಳ್ತಾರಲ್ಲ, ಅದೇ. ಮೋಟಾರಿಲ್ಲ, ಕರೆಂಟಿಲ್ಲ, ಕಂಪ್ರೆಸರಿನಿಂದ ಒಂದು ಪೈಪು ಕೊಟ್ರೆ ಟಕ್ ಟಕ್ ಅಂತ ಶುರು ಆಗ್ತದೆ. ನಮ್ಮ ಕಾಸರಗೋಡಿನ ಸೀತಾಂಗೋಳಿ, ಅನಂತಪುರ ಕಡೆಯ ಇಂಡಸ್ಟ್ರಿಯಲ್ ಏರಿಯಾಗಳಲ್ಲಿ ಕೆಲಸಕ್ಕೆ ಹೋಗುವವರು, ರಬ್ಬರ್ ಹಾಲು, ಗೇರು ಸಿಪ್ಪೆಯ ಎಣ್ಣೆ, ಪೈಂಟು, ಆಸಿಡ್, ಇಟಿಪಿಯ (ಕೊಳಕು ನೀರು ಶುದ್ಧ ಮಾಡುವ ಘಟಕದ) ಕೆಸರು ಇಂಥದ್ದನ್ನೆಲ್ಲ ಸಾಗಿಸುವವರು ಈ ಪಂಪಿನ ಹತ್ರ ದಿನಾ ನಿಲ್ತಾರೆ. ಪಂಪು ನಿಂತ ಕೂಡ್ಲೆ ಹೆಚ್ಚಿನವರು ಸ್ಪ್ಯಾನರ್ ಹಿಡ್ಕೊಂಡು ಬಿಚ್ಚಲಿಕ್ಕೆ ಹೊರಡ್ತಾರೆ, ಅದು ಬೇಡ. ನಮ್ಮಂಥ ಮಳೆಯ ಊರಲ್ಲಿ ಮೊದಲು ನೋಡ್ಬೇಕಾದ್ದು ಪಂಪಿಗೆ ಬರುವ ಗಾಳಿಯನ್ನು.

ಒಳಗೆ ಎಂತ ಆಗ್ತದೆ ಅಂತ ಸ್ವಲ್ಪ ಹೇಳ್ತೇನೆ. ಎರಡು ಕೋಣೆ, ಎರಡು ಡಯಾಫ್ರಾಂ, ಅವೆರಡನ್ನು ಜೋಡಿಸುವ ಒಂದು ಶಾಫ್ಟ್. ಮರದ ಮಿಲ್ಲು ಬರುವ ಮೊದಲು ಇಬ್ಬರು ಎದುರೆದುರು ನಿಂತು ಗರಗಸ ಎಳೀತಿದ್ರಲ್ಲ, ಹಾಗೆ ಒಂದು ಹೊರಗೆ ಹೋದ್ರೆ ಇನ್ನೊಂದು ಒಳಗೆ. ಒಂದರ ಹಿಂದೆ ಗಾಳಿ ತುಂಬಿ ಅದು ದ್ರವವನ್ನು ಹೊರಗೆ ತಳ್ಳುವಾಗ ಇನ್ನೊಂದು ಬದಿ ದ್ರವವನ್ನು ಒಳಗೆ ಎಳ್ಕೊಳ್ತದೆ, ಆಮೇಲೆ ನಡುವಿನ ಏರ್ ವಾಲ್ವ್ ಗಾಳಿಯ ದಿಕ್ಕು ತಿರುಗಿಸ್ತದೆ. ದ್ರವ ಹಿಂದೆ ಬಾರದ ಹಾಗೆ ನಾಲ್ಕು ಬಾಲು, ಅಂದ್ರೆ ಗುಂಡುಗಳು, ನಾಲ್ಕು ಸೀಟಿನ ಮೇಲೆ ಕೂತಿರ್ತವೆ. ಅಮೆರಿಕದ ಜಿಮ್ ವಿಲ್ಡನ್ 1955ರಲ್ಲಿ ತಂದ ಪಂಪು ಇದು, ತತ್ವ ಇವತ್ತಿಗೂ ಅದೇ. ಸಾಮಾನ್ಯ ಪಂಪಿನಲ್ಲಿ ಗಾಳಿಯ ಒತ್ತಡ ಎಷ್ಟೋ ದ್ರವದ ಒತ್ತಡವೂ ಹೆಚ್ಚೆಂದರೆ ಅಷ್ಟೇ, 5 ಬಾರ್ (ಬಾರ್ ಅಂದ್ರೆ ಒತ್ತಡದ ಅಳತೆ) ಕೊಟ್ಟು ಮುಂದೆ 6 ಬಾರ್ ಬೇಕು ಅಂದ್ರೆ ಆಗುದಿಲ್ಲ, ಅದು ಪಂಪಿನ ತಪ್ಪಲ್ಲ.

ಈಗ ಗಾಳಿಯ ಸಂಗತಿ. ಆಟಿ ತಿಂಗಳಲ್ಲಿ, ಜೋರು ಮಳೆಯ ಜುಲೈ-ಆಗಸ್ಟಿನ ಹೊತ್ತಿಗೆ, ಇಲ್ಲಿಯ ಗಾಳಿ ನೀರು ತುಂಬ್ಕೊಂಡೇ ಇರ್ತದೆ, 28 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 25 ಗ್ರಾಂ ನೀರು ಆವಿಯಾಗಿ ಇರ್ಲಿಕ್ಕೆ ಸಾಧ್ಯ ಉಂಟು. ಕಂಪ್ರೆಸರು ಎಂಟು ಪಾಲು ಗಾಳಿಯನ್ನು ಒಂದು ಪಾಲಿನ ಜಾಗಕ್ಕೆ ಒತ್ತುವಾಗ ಆ ನೀರಿಗೆ ಆವಿಯಾಗಿ ಇರ್ಲಿಕ್ಕೆ ಜಾಗ ಸಾಕಾಗುದಿಲ್ಲ. ಲೆಕ್ಕ ಹಾಕಿ ನೋಡಿ, 20 ಸಿಎಫ್‌ಎಂ (ನಿಮಿಷಕ್ಕೆ 20 ಘನ ಅಡಿ ಗಾಳಿ ಎಳೆಯುವ) ಕಂಪ್ರೆಸರು ಅಂಥ ದಿನ ಒಂದು ಗಂಟೆ ಎಡೆಬಿಡದೆ ಓಡಿದ್ರೆ ಹತ್ತಿರ ಹತ್ತಿರ ಮುಕ್ಕಾಲು ಲೀಟರ್ ನೀರು ಬೇರೆಯಾಗ್ತದೆ! ಅದು ಪೂರಾ ಕಂಪ್ರೆಸರಿನ ಟ್ಯಾಂಕಿನಲ್ಲೇ ಬೀಳುದಿಲ್ಲ ಮಾರಾಯ್ರೇ, ಟ್ಯಾಂಕು ಬಿಸಿ ಇದ್ರೆ ಆವಿ ಮುಂದೆ ಹೋಗಿ ಪೈಪಿನಲ್ಲಿ ತಣ್ಣಗಾಗಿ ನೀರಾಗ್ತದೆ, ಕಬ್ಬಿಣದ ಪೈಪಾದ್ರೆ ತುಕ್ಕನ್ನೂ ಜೊತೆಗೆ ಎಳ್ಕೊಂಡು ಸೀದಾ ಏರ್ ವಾಲ್ವಿಗೆ ಬರ್ತದೆ. ಅಲ್ಲಿ ಗಾಳಿಯ ದಿಕ್ಕು ತಿರುಗಿಸುವ ಸ್ಪೂಲ್ ಸಿಕ್ಕಿ ಬೀಳ್ತದೆ, ಪಂಪು ನಿಲ್ತದೆ, ನಾವು ಡಯಾಫ್ರಾಂ ಹೋಯ್ತು ಅಂತ ಬಿಚ್ಚುದು. ಮತ್ತೆ ಸೈಲೆನ್ಸರಿನಲ್ಲಿ ಹೊರಗೆ ಬರುವ ಗಾಳಿ ಒಮ್ಮೆಲೇ ಹಿಗ್ಗಿ ಶೂನ್ಯಕ್ಕಿಂತ ತಣ್ಣಗಾಗ್ತದೆ, ಆ ನೀರು ಅಲ್ಲೇ ಮಂಜುಗಡ್ಡೆಯಾಗಿ ದಾರಿ ಮುಚ್ತದೆ. ಇಷ್ಟು ಸೆಕೆಯ ಊರಲ್ಲಿ ಮಂಜುಗಡ್ಡೆಯಾ ಅಂತ ಕೇಳ್ಬಹುದು, ನಿಂತ ಪಂಪು ಹತ್ತು ನಿಮಿಷ ಬಿಟ್ಟು ತಾನಾಗಿ ಪುನಃ ಓಡಿದ್ರೆ ಅದೇ ಅಂತ ಅನುಮಾನ ಪಡಿ.

ಹಾಗಾಗಿ ಮಳೆಗಾಲದಲ್ಲಿ ಟ್ಯಾಂಕಿನ ಅಡಿಯ ಡ್ರೈನ್ ವಾಲ್ವನ್ನು ದಿನಕ್ಕೆ ಒಮ್ಮೆ ಅಲ್ಲ, ಶಿಫ್ಟಿಗೆ ಎರಡು ಮೂರು ಸಲ ತೆರೆದು ನೀರು ಬಿಡಿ. ಪಂಪಿನ ಹತ್ರವೇ ಫಿಲ್ಟರ್ ಮತ್ತು ರೆಗ್ಯುಲೇಟರ್ ಇರ್ಲಿ, ಅದರ ಬಟ್ಟಲಿನ ನೀರೂ ಖಾಲಿ ಮಾಡ್ಬೇಕು. ಏರ್ ಲೈನಿನ ಕವಲನ್ನು ಮುಖ್ಯ ಪೈಪಿನ ಮೇಲ್ಭಾಗದಿಂದ ತೆಗೆದ್ರೆ ನೀರು ಕಡಿಮೆ ಬರ್ತದೆ, ದುಡ್ಡಿದ್ರೆ ಏರ್ ಡ್ರೈಯರ್ ಹಾಕಿ. ಒತ್ತಡ ಬೇಕಾದಷ್ಟೇ ಇಡಿ, 3 ಬಾರಿನಲ್ಲಿ ಕೆಲಸ ಆಗುವಲ್ಲಿ 6 ಕೊಟ್ರೆ ಮಂಜೂ ಜಾಸ್ತಿ, ಗಾಳಿಯ ಖರ್ಚೂ ಜಾಸ್ತಿ, ಡಯಾಫ್ರಾಂ ಬೇಗ ಹೋಗುದೂ ಖಂಡಿತ.

ಗಾಳಿ ಸರಿ ಉಂಟು, ಆದ್ರೂ ದ್ರವ ಸರಿಯಾಗಿ ಬರುದಿಲ್ಲ ಅಂತಾದ್ರೆ ಒಂದು ಪರೀಕ್ಷೆ ಉಂಟು, ನನಗೆ ಇದು ತುಂಬ ಇಷ್ಟ, ಏನೂ ಬಿಚ್ಚಬೇಕಂತಿಲ್ಲ. ಪಂಪು ಓಡ್ತಿರುವಾಗ ದ್ರವ ಹೊರಗೆ ಹೋಗುವ ಡೆಲಿವರಿ ವಾಲ್ವನ್ನು ಮೆಲ್ಲ ಮುಚ್ಚಿ, ಒಳ್ಳೆ ಪಂಪಾದ್ರೆ ಟಕ್ ಟಕ್ ನಿಂತು ಸುಮ್ನೆ ಕೂತ್ಕೊಳ್ತದೆ, ಹಾಳೇನೂ ಆಗುದಿಲ್ಲ. ಮುಚ್ಚಿದ ಮೇಲೂ ಮೆಲ್ಲ ಮೆಲ್ಲ ಹೊಡೀತಾ ಇದ್ರೆ ಬಾಲು ಅಥವಾ ಸೀಟು ಸವೆದಿದೆ, ಇಲ್ಲ ಕಸ ಸಿಕ್ಕಿದೆ. ಹೊಡೆತ ನಿಂತು ಸೈಲೆನ್ಸರಿನಲ್ಲಿ ಬರೀ ಸುಯ್ಯ್ ಅಂತ ಗಾಳಿ ಹೋಗ್ತಾ ಇದ್ರೆ ಏರ್ ವಾಲ್ವಿನ ಸೀಲಿನ ಕಡೆ ನೋಡಿ. ಡೆಲಿವರಿಯಲ್ಲಿ ಗುಳ್ಳೆ ಬಂದ್ರೆ ಮೊದಲು ದ್ರವ ಒಳಗೆ ಎಳ್ಕೊಳ್ಳುವ ಸಕ್ಷನ್ ಪೈಪಿನ ಕ್ಲಾಂಪು ಬಿಗಿ ಮಾಡಿ, ಮತ್ತೆಯೂ ಬಂದ್ರೆ ಡಯಾಫ್ರಾಂ ಹರಿದಿರ್ಬಹುದು. ಸೈಲೆನ್ಸರಿನಿಂದ ದ್ರವವೇ ಹೊರಗೆ ಬಂದ್ರೆ ಡಯಾಫ್ರಾಂ ಹರಿದಿದೆ ಅಂತಲೇ ಲೆಕ್ಕ, ಕೂಡ್ಲೆ ಗಾಳಿ ಬಂದ್ ಮಾಡಿ. ಆಸಿಡ್ ಓಡಿಸುವವರು ಇದಕ್ಕೇ ಎಕ್ಸಾಸ್ಟಿಗೆ ಪೈಪು ಹಾಕಿ ಜನ ಓಡಾಡದ ಜಾಗಕ್ಕೆ ಬಿಡ್ಬೇಕು, ಹರಿದ ದಿನ ಅದು ಪಕ್ಕದಲ್ಲಿ ನಿಂತವರ ಮುಖಕ್ಕೇ ಹಾರ್ತದೆ.

ಡಯಾಫ್ರಾಂ ಕಪ್ಪಗೆ ರಬ್ಬರಿನ ಹಾಗೆ ಕಂಡ್ರೆ ಎಲ್ಲ ಒಂದೇ ಅಂತ ತಿಳಿಬೇಡಿ. ಎಣ್ಣೆ ಇರುವಲ್ಲಿ ನೈಟ್ರೈಲ್ ರಬ್ಬರ್ ಆಗ್ತದೆ, ಇಪಿಡಿಎಂ ರಬ್ಬರ್ ಹಾಕಿದ್ರೆ ಉಬ್ಬಿ ಹೋಗ್ತದೆ. ರಬ್ಬರ್ ಹಾಲಿಗೆ ಅಮೋನಿಯ ಹಾಕಿರ್ತಾರೆ, ಅಲ್ಲಿ ದುಬಾರಿಯದ್ದು ಒಳ್ಳೇದು ಅಂತ ವೈಟನ್ ರಬ್ಬರ್ ತಂದು ಹಾಕಿದ್ರೆ ಅಮೋನಿಯ ಅದನ್ನು ತಿಂದು ಬಿಡ್ತದೆ. ಟೆಫ್ಲಾನ್ ಹೆಚ್ಚಿನ ಕೆಮಿಕಲ್ ತಡೀತದೆ, ಆದ್ರೆ ಅದಕ್ಕೆ ಮಡಚುವ ಶಕ್ತಿ ಕಮ್ಮಿ, ಹಾಗಾಗಿ ಹಿಂದೆ ರಬ್ಬರಿನ ಇನ್ನೊಂದು ಡಯಾಫ್ರಾಂ ಆಸರೆಗೆ ಬೇಕು. ರಬ್ಬರ್ ಹಾಲಿಗೆ ಈ ಪಂಪು ಒಳ್ಳೇದಾಗುದು ಅದು ಹಾಲನ್ನು ಜೋರಾಗಿ ಕಡೆಯುದಿಲ್ಲ ಅಂತ. ಜೋರಾಗಿ ಕಡೆದ್ರೆ ಹಾಲು ಪೈಪಿನೊಳಗೇ ಗಟ್ಟಿಯಾಗ್ತದೆ. ಆದ್ರೆ ಸಂಜೆ ಹಾಗೇ ಬಿಟ್ಟು ಹೋದ್ರೆ ಬೆಳಿಗ್ಗೆಗೆ ಬಾಲಿನ ಸುತ್ತ ಒಂದು ಪೊರೆ ಕಟ್ಟಿರ್ತದೆ, ಬೆರಳಲ್ಲಿ ಎಳೆದ್ರೆ ಚೀಲದ ಹಾಗೆ ಪೂರಾ ಎದ್ದು ಬರ್ತದೆ, ಅದು ಇರುವಷ್ಟು ದಿನ ಬಾಲು ಸೀಟಿನಲ್ಲಿ ಕೂರುದಿಲ್ಲ. ಕೆಲಸ ಮುಗಿದ ಕೂಡ್ಲೆ ಅಮೋನಿಯ ಬೆರೆಸಿದ ನೀರು ಓಡಿಸಿ ತೊಳೀರಿ.

ತಿನ್ನರ್, ಪೆಟ್ರೋಲಿನಂಥದ್ದು ಓಡಿಸುವವರು ಕರೆಂಟಿಲ್ಲದ ಪಂಪು, ಬೆಂಕಿ ಭಯ ಇಲ್ಲ ಅಂತ ಇರ್ಬಾರದು, ದ್ರವ ಹರಿಯುವಾಗಲೇ ಸ್ಟ್ಯಾಟಿಕ್ (ಉಜ್ಜಿದಾಗ ಬರುವ ಕರೆಂಟು) ಹುಟ್ಟುತ್ತದೆ, ಅರ್ತ್ ವಯರು ಬೇಕೇ ಬೇಕು.

ಶುರು ಮಾಡುವಾಗ ಏರ್ ಲೈನಿನ ವಾಲ್ವನ್ನು ಸ್ವಲ್ಪವೇ ತೆರೆದು ದ್ರವ ಎಳ್ಕೊಳ್ಳುವ ತನಕ ನಿಧಾನ ಓಡಿಸಿ. ಸಕ್ಷನ್ ಪೈಪು ಪಂಪಿನ ಬಾಯಿಗಿಂತ ಸಣ್ಣದು ಆಗ್ಬಾರದು, ಎಳೆತಕ್ಕೆ ಕುಗ್ಗುವ ಮೆತ್ತಗಿನ ಪೈಪೂ ಬೇಡ. ಹೊಸ ಡಯಾಫ್ರಾಂ ಹಾಕಿ ಸ್ವಲ್ಪ ಓಡಿಸಿದ ಮೇಲೆ ಬೋಲ್ಟು ಇನ್ನೊಮ್ಮೆ ಬಿಗಿ ಮಾಡ್ಬೇಕು, ಟೆಫ್ಲಾನ್ ಆದ್ರೆ ಮರೀಲೇಬಾರದು, ಅದು ಒತ್ತಡದಲ್ಲಿ ಜಾರಿ ತೆಳ್ಳಗಾಗ್ತದೆ. ಬಿಚ್ಚುವ ಮೊದಲು ಗಾಳಿ ಮುಚ್ಚಿ, ಡೆಲಿವರಿ ಪೈಪಿನ ಒತ್ತಡವನ್ನೂ ಬಿಡಿ. ಮತ್ತೆ ಸ್ಪೇರ್ ಡಯಾಫ್ರಾಂಗಳನ್ನು ಕಿಟಕಿ ಬಿಸಿಲಿಗೆ, ಓಡುವ ಮೋಟಾರಿನ ಹತ್ರ ಇಡ್ಬೇಡಿ, ರಬ್ಬರು ಬಿರುಕು ಬಿಡ್ತದೆ, ಕತ್ತಲೆಯ ಕಪಾಟಿನಲ್ಲಿ ಮಡಚದೆ ಚಪ್ಪಟೆ ಇಟ್ಟು ಯಾವ ದ್ರವಕ್ಕೆ ಯಾವುದು ಅಂತ ಚೀಟಿ ಅಂಟಿಸಿಡಿ, ರಾತ್ರಿ ಶಿಫ್ಟಿನವರು ಬೇರೆಯದ್ದು ಹಾಕಿ ಬಿಡ್ತಾರೆ.