ಆರು ರೋಲರು, ಕಾರವಾರದ ಗಾಳಿ

ಹಾಂ, ಇದು ಟಾಗೋರ್ ಬೀಚು, ಸಂಜೆ ನಾಲ್ಕೂವರೆ. ಟೇಬಲ್ ಮೇಲೆ ಕಾಣ್ತಿರೋದು ಕಸ ಅಲ್ಲ ಮಾರಾಯ್ರೇ, ಇವತ್ತಿನ ಬಂಡವಾಳ. ಗುಂಡಿ, ಬಾಟ್ಲಿ ಮುಚ್ಚಳ, ಒಡೆದ ಬಳೆ, ಕೂದ್ಲು ಗುಂಗುರು ಮಾಡೋ ರೋಲರು.

ಲಾಸ್ ಏಂಜಲಿಸ್‌ನಲ್ಲಿ ಜೇಮ್ಸ್ ರೋಹಾಸ್ ಅಂತ ಒಬ್ರು ಪ್ಲಾನರ್ ಇದಾರೆ, ಊರು ಹೆಂಗಿರ್ಬೇಕು ಅಂತ ಯೋಜನೆ ಹಾಕೋರು. ಈಸ್ಟ್ ಲಾಸ್ ಏಂಜಲಿಸ್‌ನ ಮೆಕ್ಸಿಕನ್ ಮಂದಿ ಅಂಗಳದ ಬೇಲಿಗೆ ಒರಗಿ ಹರಟೆ ಹೊಡೀತಾರಲ್ಲ, ಅಂಥದ್ದನ್ನೇ ನೋಡಿ ಅಮೆರಿಕದ ಎಂಐಟಿ ಯೂನಿವರ್ಸಿಟೀಲಿ ಥೀಸಿಸ್ ಬರೆದವ್ರು. ನಮ್ಮ ಕಡೆ ಪಾಗಾರಕ್ಕೆ ಮೊಣಕೈ ಊರಿ ಮಾತಾಡೋದಕ್ಕೆ ಡಿಗ್ರಿ ಕೊಟ್ಟಿದ್ರೆ ನಮ್ಮ ದೊಡ್ಡಮ್ಮಂಗೆ ನಾಲ್ಕು ಸಿಗ್ತಿತ್ತು, ಇರ್ಲಿ. ಆ ಮನುಷ್ಯ ಊರಿನ ಜನರ ಜೊತೆ ಮೀಟಿಂಗಲ್ಲಿ ನಕ್ಷೆ ಬಿಚ್ಚೋ ಬದ್ಲು ಇಂಥಾ ಸಾಮಾನು ಸುರಿದು, ಚಿಕ್ಕೋರಿದ್ದಾಗಿನ ಇಷ್ಟದ ನೆನಪು ಕಟ್ಟಿ ಅಂತಾರೆ. ಅವ್ರ ರಾಶೀಲಿ ರೋಲರು ಇರ್ತದೆ, ಹಂಗಾಗಿ ನಂಗೂ ಬೇಕು.

ಪೇಟೇಲಿ ಮೂರು ಫ್ಯಾನ್ಸಿ ಸ್ಟೋರ್ ಸುತ್ತಿ ನಾಲ್ಕನೇದ್ರಲ್ಲಿ ಸಿಕ್ತು, ಆರಕ್ಕೆ 180 ರೂಪಾಯಿ! ಪ್ಲಾಸ್ಟಿಕ್ಕು, ಮಧ್ಯ ಪೂರಾ ತೂತು, ತೂತಿಗೂ ದುಡ್ಡು. ಎರಡು ಸಾಕು ಅಂದ್ರೆ ಬಿಡಿ ಕೊಡೋದಿಲ್ವಂತೆ. ಯಾರಿಗೆ ಅಂತ ಬೇರೆ ಕೇಳಿದ್ರು, ನನ್ ಬೋಳುತಲೆ ನೋಡ್ತಾ. ಊರಿಗೆ ಅಂದೆ. ಮುಂದೆ ಮಾತಾಡ್ಲಿಲ್ಲ.

ಮತ್ತೆ ಈಗ ನೋಡಿ, ಇಲ್ಲೇ, ಗಾಳಿ! ಸಮುದ್ರದ ಗಾಳಿ ಲೆಕ್ಕಕ್ಕೇ ತಗೊಂಡಿರ್ಲಿಲ್ಲ ನಾನು, ಆರಕ್ಕಾರೂ ಹೆಸ್ರಿಗೆ ತಕ್ಕಂಗೆ ಉರುಳ್ಕೊಂಡು ಹೊರಟ್ವು, ಹಿಂದೆ ಶೇಂಗಾ ಮಾರೋ ಹುಡುಗ, ಅವ್ನ ಹಿಂದೆ ನಾಯಿ, ನಾನು ಕ್ಯಾಮೆರಾ ಬಿಡೋ ಹಂಗಿಲ್ಲ.

ಮೊದ್ಲು ಜನರನ್ನ ಇಲ್ಲಿ ಏನ್ ಬೇಕು ಅಂತ ಸೀದಾ ಕೇಳಿದ್ದೆ. ಪಾರ್ಕಿಂಗು. ಮುಂದಿನವ್ರು? ಪಾರ್ಕಿಂಗು. ಈ ಗುಂಡಿ ಆಟ ಮಕ್ಕಳಾಟ, ಇದ್ರಲ್ಲಿ ಏನೂ ಹುಟ್ಟೋದಿಲ್ಲ ಅಂತ ಪ್ಯಾಕ್ ಮಾಡ್ತಾ ಇದ್ದೆ. ಆಗ ಬಂದ್ರು ಈ ಅಜ್ಜಿ, ಮೀನು ಮಾರಿ ಖಾಲಿ ಬುಟ್ಟಿ ಹಿಡ್ಕೊಂಡು.

"ತಮಾ, ಎಂತದು ಇದು?"

ಹೇಳಿದೆ. ಬುಟ್ಟಿ ಕೆಳಗಿಟ್ರು. ನೀಲಿ ಬಳೆಚೂರು ಸಾಲಾಗಿಟ್ರು, ಸಮುದ್ರ. ಆಚೆ ಐದಾರು ಗುಂಡಿ, ದೋಣಿ ಕಾಯೋ ಹೆಂಗಸ್ರು. "ಇದು ನಮ್ಮಬ್ಬೆ." ಪಕ್ಕಕ್ಕೆ ಅಂಗಿ ಕೈದು ಪುಟ್ಟ ಬಿಳೀ ಗುಂಡಿ. "ನಾ. ನಿದ್ದೆ ಬಂದದೆ." ಬಿಸಿಲಲ್ಲಿ ಮಲ್ಗ್ತಿದ್ರಾ ಅಜ್ಜಿ ಅಂದೆ. ಹುಡುಗ ತಂದಿದ್ದ ರೋಲರ್ ಒಂದನ್ನ ತಗೊಂಡು ಬಿಳೀ ಗುಂಡಿಗೆ ಒತ್ತಿಟ್ರು. ದಂಡೆಗೆ ಎಳೆದಿಟ್ಟ ದೋಣಿ. ಅದರ ನೆರಳು.

ಆಗ ಗೊತ್ತಾಯ್ತು, ನಾನು ಕೂತಿರೋ ಬೆಂಚು ಪೂರಾ ಬಿಸಿಲಲ್ಲಿದೆ. ಒಂದು ಗಂಟೆಯಿಂದ.

ಪಾರ್ಕಿಂಗ್ ಅಂದಿದ್ದ ಅಣ್ಣನೂ ಬಗ್ಗಿ ನೋಡಿ ಗೇರುಮರ ಮಾಡಿದ್ರು, ಮರದ ಕೆಳಗೆ ನಾಲ್ಕು ಗುಂಡಿ, ಅಲ್ಲಿ ವಿಡಿಯೋ ಕಟ್ ಆಗಿದೆ, ಕ್ಯಾಮೆರಾ ಬ್ಯಾಟ್ರಿ ಕೆಂಪು, ಸಾರಿ. ರೋಲರು ಆರರಲ್ಲಿ ನಾಲ್ಕು ವಾಪಸ್. ಒಂದು ನಾಯಿ ಹತ್ರ. ಇನ್ನೊಂದನ್ನ ಅಜ್ಜಿ ಸೆರಗಿನ ತುದಿಗೆ ಕಟ್ಕೊಂಡು ಹೊರಟ್ರು, 30 ರೂಪಾಯಿದು ಅಂತ ಹೇಳೋಕೆ ನಂಗೆ ಬಾಯಿ ಬರ್ಲಿಲ್ಲ.