ಅಫ್ರೊಡೈಟಿಯನ್ನು ಬರೀ ಸುಂದರಿ ಮಾಡಬೇಡಿ

ಎಲ್ಲರಿಗೂ ನಮಸ್ಕಾರ. ಬೆಳಗಿನ ಗೋಷ್ಠಿಯಲ್ಲಿ ಗ್ರೀಕ್ ದೇವರುಗಳ ಮಾತು ಬಂತು, ಜ್ಯೂಸ್‌ಗೆ ಆಕಾಶ, ಪೊಸೈಡನ್‌ಗೆ ಕಡಲು, ಅಫ್ರೊಡೈಟಿಗೆ ಪ್ರೇಮ ಮತ್ತು ಸೌಂದರ್ಯ ಅಂತ ಮಂತ್ರಿಗಳಿಗೆ ಖಾತೆ ಹಂಚಿದ ಹಾಗೆ ಹಂಚಿ ಮುಗಿಸಿದರು. ನನ್ನ ತಕರಾರು ಅಲ್ಲೇ ಇರುವುದು. ಗ್ರೀಕರು ಅಫ್ರೊಡೈಟಿಯನ್ನು ಮೆಚ್ಚಿದಷ್ಟೇ ಅವಳಿಗೆ ಹೆದರುತ್ತಿದ್ದರು. ಆ ಹೆದರಿಕೆಯನ್ನು ಬಿಟ್ಟು ಅವಳ ಕಥೆ ಹೇಳಿದರೆ ಏನೂ ಹೇಳಿದ ಹಾಗಾಗುವುದಿಲ್ಲ.

ಹುಟ್ಟನ್ನೇ ನೋಡಿ. ಹಳೆಯ ಗ್ರೀಕ್ ಕವಿ ಹೆಸಿಯಾಡ್ ಹೇಳುವ ಕಥೆ ನಿಮಗೆ ಗೊತ್ತು. ಜ್ಯೂಸ್‌ನ ಅಪ್ಪ ಕ್ರೋನಸ್ ತನ್ನ ತಂದೆ ಯುರೇನಸ್‌ನ ಜನನಾಂಗವನ್ನು ಕುಡುಗೋಲಿನಿಂದ ಕತ್ತರಿಸಿ ಸಮುದ್ರಕ್ಕೆ ಎಸೆಯುತ್ತಾನೆ. ಅದರ ಸುತ್ತ ಎದ್ದ ನೊರೆಯಲ್ಲಿ ಇವಳು ಬೆಳೆದು, ಸೈಪ್ರಸ್‌ನಲ್ಲಿ ದಡ ಸೇರುತ್ತಾಳೆ. ಮುಂದೆ ಚಿತ್ರಕಾರರು ಕಡಲನ್ನು ಉಳಿಸಿಕೊಂಡರು, ಕುಡುಗೋಲನ್ನು ಬಿಟ್ಟುಬಿಟ್ಟರು. ಈ ಲೆಕ್ಕದಲ್ಲಿ ಅವಳು ಜ್ಯೂಸ್‌ಗಿಂತ ಹಿರಿಯಳು! ಹೋಮರ್ ಮಾತ್ರ ಅವಳನ್ನು ಜ್ಯೂಸ್ ಮತ್ತು ಡಯೋನೆ ಎಂಬ ದೇವಿಯ ಮಗಳು ಅನ್ನುತ್ತಾನೆ.

ಇನ್ನು ಬಲೆಯ ಕಥೆ. ಹೋಮರ್‌ನ ಮಹಾಕಾವ್ಯ ಒಡಿಸ್ಸಿಯ 8ನೇ ಭಾಗದಲ್ಲಿ ಕುರುಡ ಗಾಯಕ ಡೆಮೊಡೊಕಸ್ ಇದನ್ನು ಹಾಡುತ್ತಾನೆ. ನನಗೆ ಬಲು ಇಷ್ಟದ್ದು, ಹಾಗಾಗಿ ಸ್ವಲ್ಪ ಜಾಸ್ತಿ ಹೊತ್ತು ತಗೊಳ್ಳುತ್ತೇನೆ. ಗಂಡ ಹೆಫೀಸ್ಟಸ್ ಕುಂಟ ಕಮ್ಮಾರ. ಹೆಂಡತಿ ಯುದ್ಧದೇವತೆ ಅರೀಸ್ ಜೊತೆ ಇದ್ದಾಳೆಂದು ಸೂರ್ಯ ಬಂದು ಹೇಳುತ್ತಾನೆ. ಕಮ್ಮಾರ ಕುಲುಮೆಗೆ ಹೋಗಿ, ಜೇಡರ ಬಲೆಗಿಂತ ನಯವಾದ, ದೇವರ ಕಣ್ಣಿಗೂ ಕಾಣದ ಬಲೆ ಮಾಡಿ ಮಂಚದ ಸುತ್ತ ಹರಡುತ್ತಾನೆ. ಮೇಲೆ ಜಂತಿಯಿಂದಲೂ ಇಳಿಬಿಡುತ್ತಾನೆ. ಲೆಮ್ನೊಸ್ ದ್ವೀಪಕ್ಕೆ ಹೊರಟಂತೆ ನಟಿಸುತ್ತಾನೆ. ಇಬ್ಬರೂ ಸಿಕ್ಕಿಬೀಳುತ್ತಾರೆ. ಹೆಫೀಸ್ಟಸ್ ಬಾಗಿಲಲ್ಲಿ ನಿಂತು ಕೂಗಿ ದೇವರನ್ನೆಲ್ಲ ಕರೆಯುತ್ತಾನೆ, ಕೊಟ್ಟ ವಧುದಕ್ಷಿಣೆ ವಾಪಸ್ ಬೇಕು ಅನ್ನುತ್ತಾನೆ. ದೇವಿಯರು ನಾಚಿ ಮನೆಯಲ್ಲೇ ಉಳಿಯುತ್ತಾರೆ. ಗಂಡಸರು ಬಂದು ಹೊಟ್ಟೆ ಹಿಡಿದು ನಗುತ್ತಾರೆ. ನೀನಾದರೆ ಏನು ಮಾಡುತ್ತಿದ್ದೆ ಅಂತ ಅಪೊಲೊ ಕೇಳಿದರೆ, ಹರ್ಮೀಸ್ ಏನಂದ ಗೊತ್ತಾ? ಇದರ ಮೂರರಷ್ಟು ಸರಪಳಿ ಬಿಗಿದರೂ ಸರಿ, ಅವಳ ಪಕ್ಕ ಮಲಗಲು ನಾನು ಸಿದ್ಧ ಅಂದ!

ಅಲ್ಲಿಗೆ ಗಂಡನ ಸೇಡು ಕೆಟ್ಟಿತು ಅಲ್ವಾ? ಅವಮಾನ ಮಾಡಲು ಕರೆಸಿದವರೇ ಆಸೆಪಟ್ಟರು. ಪೊಸೈಡನ್ ಜಾಮೀನು ನಿಂತ ಮೇಲೆ ಬಲೆ ಬಿಚ್ಚುತ್ತದೆ. ಅರೀಸ್ ಥ್ರೇಸ್‌ಗೆ ಓಡುತ್ತಾನೆ. ಇವಳು ಸೈಪ್ರಸ್‌ನ ಪಾಫೋಸ್‌ನಲ್ಲಿರುವ ತನ್ನ ಗುಡಿಗೆ ಹೋಗುತ್ತಾಳೆ. ಅಲ್ಲಿ ಸಖಿಯರು ಮೀಯಿಸಿ, ಎಣ್ಣೆ ಹಚ್ಚಿ, ಹೊಸ ಬಟ್ಟೆ ಉಡಿಸುತ್ತಾರೆ. ಅವಳ ಮೇಲೆ ಒಂದು ಗೀರೂ ಇಲ್ಲ. ಅದಕ್ಕೇ ಹೇಳುವುದು, ಬರೀ ಸುಂದರಿ ಅಂತ ತಿಳಿದರೆ ಈ ಕಥೆ ಅರ್ಥವೇ ಆಗುವುದಿಲ್ಲ.

ಚೀಟಿ ಬಂತು, ಐದೇ ನಿಮಿಷ ಇದೆಯಂತೆ. ಅಂಕೈಸೀಸ್ ಕಥೆ ಚಿಕ್ಕದಾಗಿ ಹೇಳುತ್ತೇನೆ. ದೇವರುಗಳನ್ನು ಮನುಷ್ಯರ ಪ್ರೇಮಕ್ಕೆ ಕೆಡವುತ್ತಾಳೆಂದು ಜ್ಯೂಸ್ ಅವಳಿಗೂ ಅದೇ ಗತಿ ತರುತ್ತಾನೆ, ಈಡಾ ಬೆಟ್ಟದ ದನಗಾಹಿ ಅಂಕೈಸೀಸ್ ಮೇಲೆ ಮನಸ್ಸಾಗುವಂತೆ ಮಾಡುತ್ತಾನೆ. ಅವರ ಮಗ ಈನಿಯಸ್. ಟ್ರಾಯ್ ಯುದ್ಧದಲ್ಲಿ ಗ್ರೀಕ್ ವೀರ ಡಯಮೀಡಿಸ್ ಅವಳ ಕೈಗೆ ಈಟಿ ಚುಚ್ಚಿದ್ದನ್ನು ತೋರಿಸಿ ಅವಳು ಅಬಲೆ ಅನ್ನುವವರಿದ್ದಾರೆ. ಅವಳು ರಣರಂಗಕ್ಕೆ ಬಂದದ್ದೇ ಈ ಮಗನನ್ನು ಎತ್ತಿಕೊಂಡು ಹೋಗಲು. ಅದನ್ನು ಯಾಕೆ ಹೇಳುವುದಿಲ್ಲ? ಸ್ಪಾರ್ಟಾದಲ್ಲಂತೂ ಆಯುಧ ಹಿಡಿದ ಅಫ್ರೊಡೈಟಿಗೇ ಪೂಜೆ ಇತ್ತು.

ಕೊನೆಯದಾಗಿ ಪಾಫೋಸ್. ಅಲ್ಲಿ ಪೂಜೆ ನಡೆದದ್ದು ಹೆಣ್ಣಿನ ಮೂರ್ತಿಗಲ್ಲ. ಬುಡ ಅಗಲ, ಮೇಲಕ್ಕೆ ಹೋದ ಹಾಗೆ ಕಿರಿದಾಗುವ ಒಂದು ಕಲ್ಲಿಗೆ. ರೋಮನ್ ಇತಿಹಾಸಕಾರ ಟ್ಯಾಸಿಟಸ್ ಇದನ್ನು ಬರೆದು, ಕಾರಣ ತಿಳಿಯದು ಅಂದ. ಉದ್ಭವಲಿಂಗಕ್ಕೆ ಕೈಮುಗಿಯುವ ನಮಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಸಿಕ್ಕ ಅಂಥದೇ ಒಂದು ಕರಿ ಕಲ್ಲು ಈಗ ಸೈಪ್ರಸ್‌ನ ಕುಕ್ಲಿಯಾ ಹಳ್ಳಿಯ ಮ್ಯೂಸಿಯಂನಲ್ಲಿದೆ. 1820ರಲ್ಲಿ ಗ್ರೀಸ್‌ನ ಮೀಲೋಸ್ ದ್ವೀಪದಲ್ಲಿ ಸಿಕ್ಕ ಅಮೃತಶಿಲೆಯ ಅಫ್ರೊಡೈಟಿಯನ್ನು ಪ್ಯಾರಿಸ್‌ನಲ್ಲಿ ಎಲ್ಲರೂ ನೋಡುತ್ತಾರೆ. ಸೈಪ್ರಸ್ ಕಡೆ ಹೋಗುವವರಿದ್ದರೆ ಈ ಕಲ್ಲನ್ನೂ ನೋಡಿ ಬನ್ನಿ. ಪ್ರಶ್ನೆಗಳಿದ್ದರೆ ಊಟದ ಹೊತ್ತಿಗೆ ಮಾತಾಡೋಣ.